ಮುಂದೆ ಓಡುವವರು ಏಕೆ ಸೋಲುತ್ತಾರೆ: 1500 ಮೀಟರ್ ಫೈನಲ್‌ನ ಒಳಲೆಕ್ಕ

2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಪುರುಷರ 1500 ಮೀಟರ್ ಓಟದ ಚಿನ್ನ ಗೆದ್ದ ಅಮೆರಿಕದ ಮ್ಯಾಥ್ಯೂ ಸೆಂಟ್ರೊವಿಟ್ಜ್ ತೆಗೆದುಕೊಂಡ ಸಮಯ 3 ನಿಮಿಷ 50.00 ಸೆಕೆಂಡು. ಎಂಟು ವರ್ಷಗಳ ನಂತರ ಪ್ಯಾರಿಸ್‌ನಲ್ಲಿ ಅದೇ ದೇಶದ ಕೋಲ್ ಹಾಕರ್ 3 ನಿಮಿಷ 27.65 ಸೆಕೆಂಡಿನಲ್ಲಿ ಗುರಿ ಮುಟ್ಟಿ ಅದೇ ಪದಕವನ್ನು ಕೊರಳಿಗೆ ಹಾಕಿಕೊಂಡರು. ಎರಡು ಒಲಿಂಪಿಕ್ ಫೈನಲ್‌ಗಳ ನಡುವೆ 22 ಸೆಕೆಂಡಿಗೂ ಹೆಚ್ಚಿನ ಅಂತರವಿದೆ. ರಿಯೊದಲ್ಲಿ ಓಡಿದವರು ಸಾಮಾನ್ಯರೇನಲ್ಲ: ಮೂರು ಬಾರಿ ವಿಶ್ವ ಚಾಂಪಿಯನ್ ಆಗಿದ್ದ ಕೆನ್ಯಾದ ಅಸ್ಬೆಲ್ ಕಿಪ್ರಾಪ್ ಅಲ್ಲಿದ್ದರು, ಲಂಡನ್ ಒಲಿಂಪಿಕ್ಸ್‌ನ ಚಿನ್ನ ಗೆದ್ದಿದ್ದ ಅಲ್ಜೀರಿಯಾದ ತೌಫಿಕ್ ಮಖ್ಲೂಫಿ ಇದ್ದರು. ಆದರೂ 1932ರ ನಂತರ ಅಷ್ಟು ನಿಧಾನವಾಗಿ ಓಡಿ ಯಾರೂ ಈ ಚಿನ್ನ ಗೆದ್ದಿರಲಿಲ್ಲ. ಅದಾದ ಸುಮಾರು ಮೂರು ವಾರಗಳಿಗೆ ಅದೇ ನಗರದಲ್ಲಿ ನಡೆದ ಪ್ಯಾರಾಲಿಂಪಿಕ್ಸ್‌ನ ದೃಷ್ಟಿದೋಷವುಳ್ಳವರ ಟಿ13 ವಿಭಾಗದ 1500 ಮೀಟರ್ ಫೈನಲ್‌ನಲ್ಲಿ ಮೊದಲ ನಾಲ್ವರೂ ಸೆಂಟ್ರೊವಿಟ್ಜ್‌ಗಿಂತ ಕಡಿಮೆ ಸಮಯದಲ್ಲಿ ಓಟ ಮುಗಿಸಿದಾಗ, ಈ ಓಟದ ಒಳಸುಳಿ ಬಲ್ಲವರ ಹೊರತು ಉಳಿದವರೆಲ್ಲ ಬೆರಗಾದರು.

ಒಳಸುಳಿ ಇಷ್ಟೇ: ಚಾಂಪಿಯನ್‌ಷಿಪ್‌ನ 1500 ಮೀಟರ್ ಫೈನಲ್ ಗಡಿಯಾರದ ವಿರುದ್ಧ ನಡೆಯುವ ಓಟವಲ್ಲ. ವೇಗದ ಭಾರವನ್ನು ಯಾರು ಹೊರಬೇಕು, ಯಾರು ಹೊರದೆ ತಪ್ಪಿಸಿಕೊಳ್ಳಬೇಕು ಎಂಬ ಹಗ್ಗಜಗ್ಗಾಟವೇ ಅದರ ತಿರುಳು. ಈ ಜಗ್ಗಾಟದಲ್ಲಿ ಎಲ್ಲರಿಗಿಂತ ವೇಗದ ಓಟಗಾರ ಸೋಲುವುದು ಅಪರೂಪದ ಸಂಗತಿಯೂ ಅಲ್ಲ. ಅದು ಹೇಗೆಂದು ತಿಳಿಯಲು ಮೊದಲು ಟ್ರ್ಯಾಕಿನ ಮೇಲೊಮ್ಮೆ ಕಣ್ಣಾಡಿಸಬೇಕು.

400 ಮೀಟರ್ ಸುತ್ತಳತೆಯ ಟ್ರ್ಯಾಕಿನಲ್ಲಿ 1500 ಮೀಟರ್ ಎಂದರೆ ಮೂರೂ ಮುಕ್ಕಾಲು ಸುತ್ತು. ಗುರಿಗೆರೆಯ ಎದುರು ಬದಿಯ ನೇರ ಹಾದಿ ಆರಂಭವಾಗುವಲ್ಲಿ, ಬಾಗಿದ ಗೆರೆಯೊಂದರ ಹಿಂದೆ ಸಾಮಾನ್ಯವಾಗಿ ಹನ್ನೆರಡು ಮಂದಿ ಸಾಲಾಗಿ ನಿಲ್ಲುತ್ತಾರೆ. ಸ್ಪ್ರಿಂಟ್ ಓಟಗಳಲ್ಲಿರುವ ಬ್ಲಾಕುಗಳು ಇಲ್ಲಿಲ್ಲ, ‘ಸೆಟ್’ ಎಂಬ ಆದೇಶವೂ ಇಲ್ಲ. ಗೆರೆಗೆ ಬರುವಂತೆ ಕರೆದ ನಂತರ ನೇರವಾಗಿ ಗುಂಡಿನ ಸದ್ದು. ಲೇನುಗಳ ಕಟ್ಟುಪಾಡು ಇಲ್ಲದ ಕಾರಣ ಮೊದಲ ಹೆಜ್ಜೆಯಿಂದಲೇ ಎಲ್ಲರೂ ಒಳಅಂಚಿನತ್ತ ನುಗ್ಗುತ್ತಾರೆ. ಆ ನುಗ್ಗಾಟಕ್ಕೆ ರೇಖಾಗಣಿತದ ಕಾರಣವಿದೆ. ಈ ಓಟದಲ್ಲಿ ಒಟ್ಟು ಏಳು ತಿರುವುಗಳು ಬರುತ್ತವೆ. ಪ್ರತಿ ತಿರುವೂ ಅರ್ಧವೃತ್ತವಾಗಿರುವುದರಿಂದ, ಒಳಅಂಚಿನಲ್ಲಿ ಓಡುವವರಿಗಿಂತ ಒಂದು ಮೀಟರ್ ಹೊರಗೆ ಓಡುವವರು ತಿರುವೊಂದಕ್ಕೆ 3.14 ಮೀಟರ್ ಹೆಚ್ಚು ಓಡಬೇಕಾಗುತ್ತದೆ. ಏಳೂ ತಿರುವುಗಳನ್ನು ಹಾಗೆಯೇ ದಾಟಿದವರ ಪಾಲಿಗೆ ಓಟದ ದೂರ 1522 ಮೀಟರ್ ಆಗುತ್ತದೆ. ಹಾಕರ್ ಪ್ಯಾರಿಸ್‌ನಲ್ಲಿ ಓಡಿದ ಸರಾಸರಿ ವೇಗ ಸೆಕೆಂಡಿಗೆ 7.22 ಮೀಟರ್, ಅಂದರೆ ಗಂಟೆಗೆ 26 ಕಿಲೋಮೀಟರ್. ಆ ವೇಗದಲ್ಲಿ 22 ಮೀಟರಿಗೆ ಮೂರು ಸೆಕೆಂಡು ಬೇಕು. ಪ್ಯಾರಿಸ್‌ನಲ್ಲಿ ಚಿನ್ನಕ್ಕೂ ನಾಲ್ಕನೆಯ ಸ್ಥಾನಕ್ಕೂ ನಡುವೆ ಇದ್ದದ್ದು 0.59 ಸೆಕೆಂಡು ಮಾತ್ರ.

ಹಾಗಾದರೆ ಎಲ್ಲರೂ ಒಳಅಂಚಿನಲ್ಲೇ ಓಡಬಾರದೇಕೆ? ಒಳಅಂಚಿನಲ್ಲಿ ಓಡುವವರ ಎಡಕ್ಕೆ ಟ್ರ್ಯಾಕಿನ ಅಂಚುಕಟ್ಟೆ, ಮುಂದೆ ಒಬ್ಬರು, ಬಲಕ್ಕೆ ಇನ್ನೊಬ್ಬರು. ಕೊನೆಯ ಸುತ್ತಿನಲ್ಲಿ ವೇಗ ಹೆಚ್ಚಿಸಬೇಕೆಂದರೆ ದಾರಿಯೇ ಇರುವುದಿಲ್ಲ. ಇದನ್ನೇ ವೀಕ್ಷಕ ವಿವರಣೆಕಾರರು ‘ಬಾಕ್ಸ್ ಆಗುವುದು’ ಎನ್ನುತ್ತಾರೆ. ಹೊರಗೆ ಓಡಿದರೆ ದೂರ ಹೆಚ್ಚು, ಒಳಗೆ ಓಡಿದರೆ ಸಿಕ್ಕಿಬೀಳುವ ಭಯ. ಎರಡನ್ನೂ ತಪ್ಪಿಸುವ ಒಂದೇ ಜಾಗ ಎಲ್ಲರಿಗಿಂತ ಮುಂದೆ, ಒಳಅಂಚಿನಲ್ಲಿ. ಆದರೆ ಆ ಜಾಗಕ್ಕೆ ತೆರಬೇಕಾದ ಬೆಲೆ ಬೇರೆ.

ಆ ಬೆಲೆಯ ಮೊದಲ ಕಂತು ಗಾಳಿ. ಗಾಳಿ ಒಡ್ಡುವ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ; ಮ್ಯಾರಥಾನ್‌ನ ವೇಗದಲ್ಲಿ ಅಷ್ಟಾಗಿ ಬಾಧಿಸದ ತಡೆ 1500 ಮೀಟರಿನ ವೇಗದಲ್ಲಿ ಲೆಕ್ಕಕ್ಕೆ ಬರುತ್ತದೆ. ಬ್ರಿಟಿಷ್ ಶರೀರಶಾಸ್ತ್ರಜ್ಞ ಪ್ಯೂ 1971ರಲ್ಲಿ ಪ್ರಕಟಿಸಿದ ಅಳತೆಗಳ ಪ್ರಕಾರ, ಮಧ್ಯಮ ದೂರದ ಓಟದ ವೇಗದಲ್ಲಿ ಇನ್ನೊಬ್ಬರ ಬೆನ್ನ ಹಿಂದೆ ಒಂದು ಮೀಟರ್ ಅಂತರದಲ್ಲಿ ಓಡುವವರು ಬಳಸುವ ಆಮ್ಲಜನಕ ಸುಮಾರು ಶೇ 6.5ರಷ್ಟು ಕಡಿಮೆ. ಮೂರು ಸುತ್ತುಗಳ ಕಾಲ ಒಬ್ಬರು ಗಾಳಿಯನ್ನು ಸೀಳುತ್ತಿದ್ದರೆ, ಹಿಂದಿರುವವರು ಪುಕ್ಕಟೆಯಾಗಿ ಶಕ್ತಿ ಉಳಿಸಿಕೊಳ್ಳುತ್ತಿರುತ್ತಾರೆ.

ಎರಡನೆಯ ಕಂತು ದೇಹದೊಳಗಿನದು. 1500 ಮೀಟರ್ ಓಟಕ್ಕೆ ಬೇಕಾದ ಶಕ್ತಿಯಲ್ಲಿ ಸುಮಾರು ಐದರಲ್ಲಿ ನಾಲ್ಕು ಭಾಗ ಉಸಿರಾಟದ ಆಮ್ಲಜನಕದಿಂದ ಬರುತ್ತದೆ. ಉಳಿದ ಒಂದು ಭಾಗವನ್ನು ಸ್ನಾಯುಗಳು ಆಮ್ಲಜನಕದ ನೆರವಿಲ್ಲದೆ ಒದಗಿಸಬೇಕು. ಮೊದಲನೆಯದು ತಿಂಗಳ ಸಂಬಳವಿದ್ದಂತೆ, ಎರಡನೆಯದು ಮಿತಿಯಿರುವ ಕೈಸಾಲವಿದ್ದಂತೆ: ಬೇಕೆಂದಾಗ ಸಿಗುತ್ತದೆ, ಆದರೆ ಓಟ ಮುಗಿಯುವ ತನಕ ಮತ್ತೆ ತುಂಬಿಕೊಳ್ಳುವುದಿಲ್ಲ. ಆಮ್ಲಜನಕದ ಪೂರೈಕೆಗೆ ಹೊಂದುವ ವೇಗವನ್ನು ಮೀರಿದ ಪ್ರತಿ ಮೀಟರಿಗೂ ಈ ದಾಸ್ತಾನಿನಿಂದಲೇ ತೆಗೆಯಬೇಕು. ಅದು ಖಾಲಿಯಾಗುತ್ತ ಬಂದಂತೆ ಸ್ನಾಯುಗಳಲ್ಲಿ ಆಮ್ಲೀಯತೆ ಏರಿ, ಹೆಜ್ಜೆಯ ಅಳತೆ ಕುಗ್ಗಿ, ಭುಜಗಳು ಬಿಗಿದು, ಮನಸ್ಸು ಎಷ್ಟೇ ಹೇಳಿದರೂ ಕಾಲು ಕೇಳದ ಸ್ಥಿತಿ ಬರುತ್ತದೆ. ಕೊನೆಯ ನೂರು ಮೀಟರಿನಲ್ಲಿ ಒಬ್ಬರು ಹಾರಿದಂತೆಯೂ ಇನ್ನೊಬ್ಬರು ನಿಂತಂತೆಯೂ ಕಾಣುವುದು ಇದರಿಂದಲೇ. ವಾಸ್ತವವಾಗಿ ವೇಗದ ಓಟಗಳಲ್ಲಿ ಕೊನೆಯಲ್ಲಿ ಯಾರೂ ಹಾರುತ್ತಿರುವುದಿಲ್ಲ. ಗೆಲ್ಲುವವರು ಉಳಿದವರಿಗಿಂತ ಕಡಿಮೆ ನಿಧಾನವಾಗುತ್ತಿರುತ್ತಾರೆ, ಅಷ್ಟೇ.

ಈ ಓಟದ ವಿಶ್ವದಾಖಲೆಗಳು ಚಾಂಪಿಯನ್‌ಷಿಪ್‌ಗಳಲ್ಲಿ ಸಾಮಾನ್ಯವಾಗಿ ಹುಟ್ಟದಿರುವುದಕ್ಕೂ ಇದೇ ಕಾರಣ. ಈಗಲೂ ಉಳಿದಿರುವ 3 ನಿಮಿಷ 26.00 ಸೆಕೆಂಡಿನ ವಿಶ್ವದಾಖಲೆಯನ್ನು ಮೊರಾಕೊದ ಹಿಶಾಮ್ ಎಲ್ ಗೆರೂಜ್ 1998ರ ಜುಲೈ 14ರಂದು ರೋಮ್‌ನಲ್ಲಿ ಬರೆದಾಗ, ಆರಂಭದ ಸುತ್ತುಗಳಲ್ಲಿ ವೇಗ ಕಟ್ಟಿಕೊಡಲು ಪೇಸ್‌ಮೇಕರ್‌ಗಳನ್ನು ನೇಮಿಸಲಾಗಿತ್ತು. ಗಾಳಿಯ ಭಾರವನ್ನು ಅವರು ಹೊತ್ತು ಪಕ್ಕಕ್ಕೆ ಸರಿದರು. ಈಗಿನ ಡೈಮಂಡ್ ಲೀಗ್ ಕೂಟಗಳಲ್ಲಿ ಪೇಸ್‌ಮೇಕರ್‌ಗಳ ಜೊತೆಗೆ ಟ್ರ್ಯಾಕಿನ ಅಂಚಿನಲ್ಲಿ ನಿಗದಿತ ವೇಗ ತೋರಿಸುತ್ತ ಓಡುವ ದೀಪಗಳೂ ಇರುತ್ತವೆ. ಒಲಿಂಪಿಕ್ಸ್‌ನಲ್ಲೂ ವಿಶ್ವ ಚಾಂಪಿಯನ್‌ಷಿಪ್‌ನಲ್ಲೂ ಇವೆರಡೂ ಇಲ್ಲ. ರೋಮ್‌ನ ಆ ಪೇಸ್‌ಮೇಕರ್‌ಗಳಲ್ಲಿ ಒಬ್ಬರು ಕೆನ್ಯಾದ ತರುಣ ನೋವಾ ಎನ್‌ಗೇನಿ. ಎರಡು ವರ್ಷಗಳ ನಂತರ ಸಿಡ್ನಿ ಒಲಿಂಪಿಕ್ಸ್‌ನ ಫೈನಲ್‌ನಲ್ಲಿ ಅದೇ ಎನ್‌ಗೇನಿ ಎಲ್ ಗೆರೂಜ್ ಅವರ ಬೆನ್ನು ಬಿಡದೆ ಓಡಿ, ಕೊನೆಯ ಮೀಟರುಗಳಲ್ಲಿ ಅವರನ್ನು ಹಿಂದಿಕ್ಕಿ 3 ನಿಮಿಷ 32.07 ಸೆಕೆಂಡಿನಲ್ಲಿ ಚಿನ್ನ ಗೆದ್ದರು. ದಾಖಲೆಗೆ ದಾರಿ ಮಾಡಿಕೊಟ್ಟವರು ಮುಂದಿನ ಬಾರಿ ದಾಖಲೆವೀರರ ನೆರಳಿನಲ್ಲೇ ಓಡಿ ಅವರನ್ನು ಸೋಲಿಸಿದರು. ಎಲ್ ಗೆರೂಜ್‌ಗೆ ಒಲಿಂಪಿಕ್ ಚಿನ್ನ ದಕ್ಕಿದ್ದು 2004ರಲ್ಲಿ, ಅಥೆನ್ಸ್‌ನಲ್ಲಿ, ಅದೂ ಬರ್ನಾರ್ಡ್ ಲಗಾಟ್ ವಿರುದ್ಧ 0.12 ಸೆಕೆಂಡಿನ ಅಂತರದಲ್ಲಿ.

ಈಗ ರಿಯೊದ ಒಗಟು ಬಿಡಿಸುವುದು ಕಷ್ಟವಲ್ಲ. ಮುಂದೆ ಓಡುವುದು ನಷ್ಟದ ಬಾಬತ್ತು ಎಂದು ಎಲ್ಲರಿಗೂ ಗೊತ್ತಿದ್ದಾಗ ಯಾರೂ ವೇಗ ಹೆಚ್ಚಿಸುವುದಿಲ್ಲ. ಮೊದಲ 400 ಮೀಟರಿಗೆ ಸುಮಾರು 67 ಸೆಕೆಂಡು, 800 ಮೀಟರಿಗೆ 2 ನಿಮಿಷ 16 ಸೆಕೆಂಡು ಆಯಿತು. ಇದು ಚೆನ್ನಾಗಿ ಪಳಗಿದ ಕಾಲೇಜು ಓಟಗಾರರೂ ಜೊತೆಗಿರಬಹುದಾದ ವೇಗ. ಸೆಂಟ್ರೊವಿಟ್ಜ್ ಒಳಅಂಚಿನಲ್ಲಿ, ಮುಂಚೂಣಿಯಲ್ಲಿ ಜಾಗ ಹಿಡಿದು ಅದನ್ನು ಬಿಟ್ಟುಕೊಡಲಿಲ್ಲ. ಓಟ ನಿಧಾನವಾಗಿದ್ದಾಗ ಮುಂದಿರುವುದಕ್ಕೆ ಗಾಳಿಯ ಬೆಲೆ ಕಡಿಮೆ, ಆದರೆ ಒಳಅಂಚಿನ ಲಾಭ ಹಾಗೆಯೇ ಉಳಿಯುತ್ತದೆ ಎಂಬುದನ್ನು ಅವರಷ್ಟು ಚೊಕ್ಕವಾಗಿ ಬಳಸಿಕೊಂಡವರು ಕಡಿಮೆ. ಕೊನೆಯ 400 ಮೀಟರನ್ನು ಅವರು 51 ಸೆಕೆಂಡಿಗೂ ಕಡಿಮೆ ಸಮಯದಲ್ಲಿ ಓಡಿದರು. ಹಿಂದಿದ್ದವರಿಗೆ ಅವರನ್ನು ದಾಟಬೇಕೆಂದರೆ ತಿರುವಿನಲ್ಲಿ ಹೊರಗಿನಿಂದ, ಅದಕ್ಕೂ ಹೆಚ್ಚಿನ ವೇಗದಲ್ಲಿ ಓಡಬೇಕಿತ್ತು. ಹಿಂದೆ ಉಳಿದು ಕೊನೆಯಲ್ಲಿ ನುಗ್ಗುವ ಅಭ್ಯಾಸದ ಕಿಪ್ರಾಪ್ ಆರನೆಯವರಾದರು.

ನಿಧಾನದ ಓಟವನ್ನು ಬೇಸರದ ಓಟ ಎನ್ನುವವರಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ, ಆದರೆ ಒಂದು ಮಾತು ನಿಜ: ಅಂಥ ಓಟದಲ್ಲಿ ಆಮ್ಲಜನಕದ ಸಾಮರ್ಥ್ಯ ಹೆಚ್ಚಿರುವವರ ಅನುಕೂಲವೆಲ್ಲ ಮಣ್ಣುಪಾಲು. ಎಲ್ಲರ ದಾಸ್ತಾನೂ ತುಂಬಿರುವಾಗ ಗೆಲ್ಲುವುದು ಸ್ಪ್ರಿಂಟ್ ಬಲ್ಲವರು. ಆದ್ದರಿಂದ ಸ್ಪ್ರಿಂಟ್‌ನಲ್ಲಿ ತುಸು ಹಿಂದಿರುವ, ಆದರೆ ದೀರ್ಘ ವೇಗದಲ್ಲಿ ಎಲ್ಲರಿಗಿಂತ ಮುಂದಿರುವ ಓಟಗಾರರಿಗೆ ಉಳಿಯುವ ದಾರಿ ಒಂದೇ, ಮೊದಲಿನಿಂದಲೇ ವೇಗವಾಗಿ ಓಡಿ ಎಲ್ಲರ ದಾಸ್ತಾನನ್ನೂ ಬರಿದು ಮಾಡುವುದು. 2019ರ ದೋಹಾ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕೆನ್ಯಾದ ತಿಮೊಥಿ ಚೆರುಯೊಟ್ ಹೀಗೆಯೇ ಓಡಿ 3 ನಿಮಿಷ 29.26 ಸೆಕೆಂಡಿನಲ್ಲಿ ಗೆದ್ದರು; ಎರಡನೆಯವರು ಎರಡು ಸೆಕೆಂಡಿಗೂ ಹೆಚ್ಚು ಹಿಂದಿದ್ದರು. ಆ ಗೆಲುವಿನ ಗುಟ್ಟು ವೇಗದಲ್ಲಿ ಮಾತ್ರ ಇರಲಿಲ್ಲ, ಅಂತರದಲ್ಲಿತ್ತು. ಹಿಂದಿರುವವರು ಹತ್ತಾರು ಮೀಟರ್ ದೂರ ಉಳಿದರೆ ಅವರಿಗೆ ಗಾಳಿಯ ಮರೆ ಸಿಗುವುದಿಲ್ಲ. ಅಂತರ ಬೀಳದೆ ಹೋದರೆ ಮುಂದಿರುವವರು ಪೇಸ್‌ಮೇಕರ್ ಆಗಿಬಿಡುತ್ತಾರೆ.

ನಾರ್ವೆಯ ಯಾಕೋಬ್ ಇಂಗೆಬ್ರಿಗ್ಟ್‌ಸೆನ್ ಅವರ ಕಥೆ ಇದಕ್ಕೆ ಕನ್ನಡಿ ಹಿಡಿಯುತ್ತದೆ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಅವರು ಚೆರುಯೊಟ್ ಅವರ ಬೆನ್ನ ಹಿಂದೆ ಓಡಿ, ಕೊನೆಯಲ್ಲಿ ದಾಟಿ, 3 ನಿಮಿಷ 28.32 ಸೆಕೆಂಡಿನ ಒಲಿಂಪಿಕ್ ದಾಖಲೆಯೊಂದಿಗೆ ಚಿನ್ನ ಗೆದ್ದರು. ಆ ಬಳಿಕ ಅವರೇ ಎಲ್ಲರೂ ಹಿಂಬಾಲಿಸುವ ಓಟಗಾರರಾದರು. 2022ರಲ್ಲಿ ಅಮೆರಿಕದ ಯೂಜೀನ್‌ನಲ್ಲಿ ಬ್ರಿಟನ್ನಿನ ಜೇಕ್ ವೈಟ್‌ಮನ್ ಇನ್ನೂರು ಮೀಟರ್ ಬಾಕಿಯಿರುವಾಗ ಅವರನ್ನು ದಾಟಿ ವಿಶ್ವ ಚಾಂಪಿಯನ್ ಆದರು (ಕ್ರೀಡಾಂಗಣದ ಧ್ವನಿವರ್ಧಕದಲ್ಲಿ ಆ ಓಟವನ್ನು ವಿವರಿಸುತ್ತಿದ್ದವರು ವೈಟ್‌ಮನ್ ಅವರ ತಂದೆ). ಮರುವರ್ಷ ಬುಡಾಪೆಸ್ಟ್‌ನಲ್ಲಿ ಇನ್ನೊಬ್ಬ ಬ್ರಿಟಿಷ್ ಓಟಗಾರ ಜೋಷ್ ಕೆರ್ ಹೆಚ್ಚುಕಡಿಮೆ ಅದೇ ಜಾಗದಲ್ಲಿ ಅದೇ ಕೆಲಸ ಮಾಡಿದರು. ಎರಡು ಸಲವೂ ಇಂಗೆಬ್ರಿಗ್ಟ್‌ಸೆನ್‌ಗೆ ಬೆಳ್ಳಿ.

ಪ್ಯಾರಿಸ್ ಫೈನಲ್ ನಡೆದದ್ದು 2024ರ ಆಗಸ್ಟ್ 6ರ ರಾತ್ರಿ, ಸ್ತಾದ್ ದ ಫ್ರಾನ್ಸ್‌ನಲ್ಲಿ. ಅದಕ್ಕೂ ಕೆಲವು ವಾರಗಳ ಹಿಂದೆ ಮೊನಾಕೊದಲ್ಲಿ 3 ನಿಮಿಷ 26.73 ಸೆಕೆಂಡಿನ ಯುರೋಪಿಯನ್ ದಾಖಲೆ ಬರೆದಿದ್ದ ಇಂಗೆಬ್ರಿಗ್ಟ್‌ಸೆನ್ ಈ ಬಾರಿ ಹಿಂದಿನವರಿಗೆ ಉಸಿರಾಡಲೂ ಬಿಡದಂತೆ ಓಡಲು ನಿರ್ಧರಿಸಿದ್ದರು. ಮೊದಲ 400 ಮೀಟರಿಗೆ ಸುಮಾರು 55 ಸೆಕೆಂಡು ತೆಗೆದುಕೊಂಡರು. ವಿಶ್ವದಾಖಲೆಯ ಸರಾಸರಿ ವೇಗ ಸುತ್ತಿಗೆ 54.9 ಸೆಕೆಂಡು ಎಂಬುದನ್ನು ಗಮನಿಸಿದರೆ, ಅವರು ಪೇಸ್‌ಮೇಕರ್ ಇಲ್ಲದೆ, ದೀಪಗಳಿಲ್ಲದೆ, ವಿಶ್ವದಾಖಲೆಯ ವೇಗದಲ್ಲಿ ಒಬ್ಬರೇ ಗಾಳಿಗೆ ಎದೆಯೊಡ್ಡಿದ್ದರು ಎಂಬುದು ತಿಳಿಯುತ್ತದೆ. 800 ಮೀಟರ್ ದಾಟಿದ್ದು 1 ನಿಮಿಷ 51 ಸೆಕೆಂಡು ಚಿಲ್ಲರೆಗೆ, ಅಂದರೆ ಎರಡನೆಯ ಸುತ್ತು ಒಂದೂವರೆ ಸೆಕೆಂಡಿನಷ್ಟು ನಿಧಾನವಾಗಿತ್ತು. ನನ್ನ ಲೆಕ್ಕದಲ್ಲಿ ಅವರು ಸೋತದ್ದು ಇಲ್ಲೇ. ಮೊದಲ ಸುತ್ತಿನಲ್ಲಿ ದಾಸ್ತಾನಿನಿಂದ ಅತಿಯಾಗಿ ತೆಗೆದು, ಎರಡನೆಯ ಸುತ್ತಿನಲ್ಲಿ ವೇಗ ಸಡಿಲಿಸಿದಾಗ, ಕೆರ್, ಹಾಕರ್ ಮತ್ತು ಅಮೆರಿಕದ ಯಾರೆಡ್ ನುಗುಸೆ ಅಂತರ ಬೀಳದಂತೆ ಬೆನ್ನಿಗೇ ಉಳಿದರು. ಖರ್ಚು ಪೂರ್ತಿ ಮುಂದಿದ್ದವರದ್ದು, ಲಾಭ ಹಿಂದಿದ್ದವರದ್ದು. ಮೊದಲ ಸುತ್ತು ಅತಿ ವೇಗವಾಯಿತೆಂದು ಇಂಗೆಬ್ರಿಗ್ಟ್‌ಸೆನ್ ಓಟದ ನಂತರ ತಾವೇ ಒಪ್ಪಿಕೊಂಡರು.

1200 ಮೀಟರಿನ ಹೊತ್ತಿಗೂ, ಅಂದರೆ 2 ನಿಮಿಷ 47 ಸೆಕೆಂಡಿಗೂ, ಅವರೇ ಮುಂದೆ. ಉಳಿದ 300 ಮೀಟರನ್ನು ನಿಧಾನಗತಿಯ ದೃಶ್ಯದಲ್ಲಿ ಮತ್ತೆ ಮತ್ತೆ ನೋಡಬೇಕು. ಹಾಕರ್ ಮೊದಲು ಒಳಗಿನಿಂದ ನುಸುಳಲು ನೋಡಿದರು. ಇಂಗೆಬ್ರಿಗ್ಟ್‌ಸೆನ್ ಎಡಕ್ಕೆ ಸರಿದು ಆ ಸಂದು ಮುಚ್ಚಿದರು. ಹಾಕರ್ ಹೆಜ್ಜೆ ತಡೆದು ಹಿಂದೆ ಸರಿಯಬೇಕಾಯಿತು. ಸಾಮಾನ್ಯವಾಗಿ ಆ ವೇಗದಲ್ಲಿ ಒಮ್ಮೆ ಲಯ ತಪ್ಪಿದವರು ಮತ್ತೆ ಹಿಡಿಯುವುದಿಲ್ಲ. ಕೊನೆಯ ನೇರ ಹಾದಿಗೆ ಬಂದಾಗ ಕೆರ್ ಹೊರಗಿನಿಂದ ಮುನ್ನುಗ್ಗಿದರು. ಎರಡು ಋತುಗಳಿಂದ ಮಾತಿನಲ್ಲೂ ಟ್ರ್ಯಾಕಿನಲ್ಲೂ ಕೆರ್ ಜೊತೆ ಜಿದ್ದಿಗೆ ಬಿದ್ದಿದ್ದ ಇಂಗೆಬ್ರಿಗ್ಟ್‌ಸೆನ್, ಕೆರ್ ಅವರನ್ನು ತಡೆಯಲು ಬಲಕ್ಕೆ ವಾಲಿದರು. ಆಗ ಎಡಗಡೆ, ಆಗಷ್ಟೇ ಮುಚ್ಚಿದ್ದ ಸಂದು ಮತ್ತೆ ತೆರೆಯಿತು. ಹಾಕರ್ ಆ ದಾರಿಯಲ್ಲಿ ನುಗ್ಗಿ ಇಬ್ಬರನ್ನೂ ದಾಟಿದರು. ಕೆರ್ 3 ನಿಮಿಷ 27.79, ಹಿಂದಿನಿಂದ ಬಂದ ನುಗುಸೆ 3 ನಿಮಿಷ 27.80, ಇಂಗೆಬ್ರಿಗ್ಟ್‌ಸೆನ್ 3 ನಿಮಿಷ 28.24. ನಾಲ್ಕನೆಯ ಸ್ಥಾನ ಪಡೆದ ಅವರ ಸಮಯವೂ ಟೋಕಿಯೊದಲ್ಲಿ ಅವರೇ ಬರೆದಿದ್ದ ಹಳೆಯ ಒಲಿಂಪಿಕ್ ದಾಖಲೆಗಿಂತ ಉತ್ತಮವಾಗಿತ್ತು. ಹಾಕರ್ ತಮ್ಮ ವೈಯಕ್ತಿಕ ಶ್ರೇಷ್ಠ ಸಮಯವನ್ನು ಸುಮಾರು ಮೂರು ಸೆಕೆಂಡಿನಷ್ಟು ಇಳಿಸಿದ್ದರು. ಅದರಲ್ಲಿ ಅವರ ಕಾಲಿನ ಶಕ್ತಿಯ ಪಾಲು ದೊಡ್ಡದೇ, ಆದರೆ ಮುಂದೆ ಓಡಿ ಗಾಳಿ ಸೀಳಿಕೊಟ್ಟವರ ಪಾಲೂ ಇಲ್ಲದಿಲ್ಲ.

ಇಂಥ ಓಟದ ನೆನಪು ನಮಗೂ ಒಂದಿದೆ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನ 800 ಮೀಟರ್ ಫೈನಲ್‌ನಲ್ಲಿ ಮೊದಲ ಸುತ್ತನ್ನು ಮುಂದೆ ಓಡಿದವರು ಭಾರತದ ಶ್ರೀರಾಮ್ ಸಿಂಗ್, 50.85 ಸೆಕೆಂಡಿನಲ್ಲಿ ಅವರು 400 ಮೀಟರ್ ಮುಟ್ಟಿದ್ದರು. ಆ ವೇಗದ ಬಲದಿಂದ ಕ್ಯೂಬಾದ ಆಲ್ಬರ್ಟೊ ಹುವಾಂಟೊರೆನಾ 1 ನಿಮಿಷ 43.50 ಸೆಕೆಂಡಿನ ವಿಶ್ವದಾಖಲೆಯೊಂದಿಗೆ ಗೆದ್ದರು. ಶ್ರೀರಾಮ್ ಸಿಂಗ್ 1 ನಿಮಿಷ 45.77 ಸೆಕೆಂಡಿನಲ್ಲಿ ಏಳನೆಯವರಾದರು. ಅವರ ಆ ಸಮಯವನ್ನು ಇನ್ನೊಬ್ಬ ಭಾರತೀಯ ಮೀರಿಸಲು 42 ವರ್ಷ ಬೇಕಾಯಿತು. 2018ರಲ್ಲಿ ಕೇರಳದ ಜಿನ್ಸನ್ ಜಾನ್ಸನ್ ಆ ರಾಷ್ಟ್ರೀಯ ದಾಖಲೆಯನ್ನು ಮುರಿದರು. ಮುಂದೆ ಓಡಿ ಪದಕ ಕಳೆದುಕೊಂಡವರು ಎಂದು ಶ್ರೀರಾಮ್ ಸಿಂಗ್ ಅವರ ಬಗ್ಗೆ ಮರುಗುವವರಿದ್ದಾರೆ, ಆದರೆ ಹಾಗೆ ಓಡದಿದ್ದರೆ ಆ ಸಮಯವೂ ದಕ್ಕುತ್ತಿರಲಿಲ್ಲ ಎಂಬುದನ್ನು ಮರೆಯಬಾರದು.

ಫೈನಲ್ ತಲುಪುವುದೇ ಒಂದು ಪರೀಕ್ಷೆ. ಪ್ಯಾರಿಸ್‌ನಲ್ಲಿ ಆಗಸ್ಟ್ 2ರಂದು ಹೀಟ್ಸ್ (ಮೊದಲ ಸುತ್ತಿನ ಓಟಗಳು), 4ರಂದು ಸೆಮಿಫೈನಲ್, 6ರಂದು ಫೈನಲ್ ನಡೆಯಿತು. ಹೀಟ್ಸ್‌ನಲ್ಲಿ ಹಿಂದುಳಿದವರಿಗೆ ನಡುವೆ ಮತ್ತೊಂದು ಅವಕಾಶದ ಸುತ್ತೂ ಇತ್ತು. ಈಚೆಗೆ ಈ ಓಟದಲ್ಲಿ ವೇಗದ ಸಮಯದ ಆಧಾರದಲ್ಲಿ ಮುಂದಿನ ಸುತ್ತಿಗೆ ಹೋಗುವ ಪದ್ಧತಿಯನ್ನು ಕೈಬಿಡಲಾಗಿದೆ. ಪ್ರತಿ ಸೆಮಿಫೈನಲ್‌ನ ಮೊದಲ ಆರು ಮಂದಿಗಷ್ಟೇ ಫೈನಲ್. ಹೀಗಾಗಿ ಆ ಸುತ್ತುಗಳಲ್ಲಿ ಯಾರೂ ಅನಗತ್ಯವಾಗಿ ವೇಗ ಕಟ್ಟುವುದಿಲ್ಲ, ಗುಂಪು ಕೊನೆಯವರೆಗೂ ಒಡೆಯುವುದಿಲ್ಲ, ಕೊನೆಯ ನೇರ ಹಾದಿಯಲ್ಲಿ ಹತ್ತು ಮಂದಿ ಆರು ಜಾಗಕ್ಕಾಗಿ ಮೊಣಕೈ ತಾಗಿಸಿಕೊಂಡು ಓಡುತ್ತಾರೆ.

2025ರ ಸೆಪ್ಟೆಂಬರ್‌ನಲ್ಲಿ ಟೋಕಿಯೊದಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನ ಸೆಮಿಫೈನಲ್‌ನಲ್ಲಿ ಒಲಿಂಪಿಕ್ ಚಾಂಪಿಯನ್ ಹಾಕರ್ ಇಂಥದ್ದೇ ಗುಂಪಿನೊಳಗೆ ಸಿಕ್ಕಿಬಿದ್ದರು. ಇಬ್ಬರ ನಡುವಿನ ಕಿರಿದಾದ ಸಂದಿನಲ್ಲಿ ತೂರಿ ಮುಂದೆ ಬಂದರಾದರೂ, ಇನ್ನೊಬ್ಬರನ್ನು ತಳ್ಳಿದ ಕಾರಣಕ್ಕೆ ತೀರ್ಪುಗಾರರು ಅವರನ್ನು ಅನರ್ಹಗೊಳಿಸಿದರು. ನಿಯಮದ ಪ್ರಕಾರ ಒಳಗಿನಿಂದ ದಾಟುವುದು ತಪ್ಪಲ್ಲ. ತಳ್ಳಿ, ಅಡ್ಡಗಟ್ಟಿ ಇನ್ನೊಬ್ಬರ ಓಟ ಕೆಡಿಸುವುದು ತಪ್ಪು. ಪ್ಯಾರಿಸ್‌ನಲ್ಲಿ ಹಾಕರ್ ಮುಚ್ಚಿದ ಸಂದಿನಿಂದ ಹಿಂದೆ ಸರಿದು, ತೆರೆಯುವ ತನಕ ಕಾದಿದ್ದರು. ಟೋಕಿಯೊದಲ್ಲಿ ಕಾಯಲು ದೂರ ಉಳಿದಿರಲಿಲ್ಲ. ಕೆಲವೇ ದಿನಗಳ ನಂತರ ಅವರು 5000 ಮೀಟರಿನಲ್ಲಿ ಚಿನ್ನ ಗೆದ್ದರೆನ್ನುವುದು ಬೇರೆ ಮಾತು.

ಗಾಯದಿಂದ ಚೇತರಿಸಿಕೊಳ್ಳುತ್ತಿದ್ದ ಇಂಗೆಬ್ರಿಗ್ಟ್‌ಸೆನ್ ಆ ಬಾರಿ ಹೀಟ್ಸ್‌ನಲ್ಲೇ ಹೊರಬಿದ್ದಿದ್ದರು. ಮುಂದೆ ನಿಂತು ವೇಗ ಕಟ್ಟುವ ಓಟಗಾರರೇ ಇಲ್ಲವಾದ ಮೇಲೆ ಫೈನಲ್ ಮತ್ತೆ ಕಾಯುವ ಆಟವಾಯಿತು. ಓಟದ ನಡುವೆ ಗಾಯಗೊಂಡ ಕೆರ್ ಕುಂಟುತ್ತ ಕೊನೆಯವರಾಗಿ ಗುರಿ ತಲುಪಿದರು. ನೇರ ಹಾದಿಯಲ್ಲಿ ಮುಂದಿದ್ದವರು ವೈಟ್‌ಮನ್, ಮೂರು ವರ್ಷಗಳ ಹಿಂದಿನ ಚಾಂಪಿಯನ್. ಪೋರ್ಚುಗಲ್‌ನ ಇಸಾಕ್ ನಾದೆರ್ ಹಿಂದಿನಿಂದ ಬಂದು ಗುರಿಗೆರೆಯ ಬಳಿ ಅವರನ್ನು ದಾಟಿದಾಗ ಗಡಿಯಾರ 3 ನಿಮಿಷ 34.10 ಸೆಕೆಂಡು ತೋರಿಸುತ್ತಿತ್ತು. ವೈಟ್‌ಮನ್ ಸಮಯ 3 ನಿಮಿಷ 34.12. ಪ್ಯಾರಿಸ್‌ನಲ್ಲಿ ನಾಲ್ಕನೆಯವರಾಗಿ ಬರಿಗೈಯಲ್ಲಿ ಮರಳಿದ್ದ ಓಟಗಾರರ ಸಮಯಕ್ಕಿಂತ ಈ ಚಿನ್ನದ ಸಮಯ ಸುಮಾರು ಆರು ಸೆಕೆಂಡು ಹೆಚ್ಚು.